ನಲವತ್ತನಾಲ್ಕು ಪುಟ್ಟ ಕಳ್ಳರು

1936ರಿಂದ 1939ರವರೆಗೆ ಲಂಡನ್ನಿನ ಚೈಲ್ಡ್ ಗೈಡೆನ್ಸ್ ಕ್ಲಿನಿಕ್ಕಿಗೆ ಬಂದ ಮಕ್ಕಳಲ್ಲಿ ಕದಿಯುವ ಚಾಳಿಯಿದ್ದ 44 ಮಂದಿಯ ವಿವರಗಳನ್ನು ಮನೋವೈದ್ಯ ಜಾನ್ ಬೌಲ್ಬಿ ಕಲೆಹಾಕಿದರು. ಹೋಲಿಸಿ ನೋಡಲು ಕಳ್ಳತನದ ಗೋಜಿಗೆ ಹೋಗದ ಇನ್ನೂ 44 ಮಕ್ಕಳು. ಕಳ್ಳರ ಪೈಕಿ 14 ಮಂದಿಯದು ಬೇರೆಯದೇ ಜಾತಿ. ಮುದ್ದಿಗೂ ಕರಗುವುದಿಲ್ಲ, ಪೆಟ್ಟಿಗೂ ಜಗ್ಗುವುದಿಲ್ಲ, ಯಾರನ್ನೂ ಹಚ್ಚಿಕೊಂಡವರಲ್ಲ. ಈ 14ರಲ್ಲಿ 12 ಮಕ್ಕಳು ಎಳವೆಯಲ್ಲೇ ಬಹುಕಾಲ ತಾಯಿಯಿಂದ ದೂರವಿದ್ದವರು. ಉಳಿದ 30 ಕಳ್ಳರಲ್ಲಿ ಅಂಥವರು ಐದೇ ಮಂದಿ.

ಆ 12 ಮಕ್ಕಳಲ್ಲೊಬ್ಬ ಆರು ವರ್ಷದ ಹುಡುಗ. ಒಂದೂವರೆ ವರ್ಷದವನಿದ್ದಾಗ ಗಂಟಲಮಾರಿ ಬಂದು ಒಂಬತ್ತು ತಿಂಗಳು ಆಸ್ಪತ್ರೆಯಲ್ಲಿದ್ದ. ಅಷ್ಟೂ ದಿನ ಅಪ್ಪ ಅಮ್ಮ ನೋಡಲು ಬರಲಿಲ್ಲ. ಮನೆಗೆ ಮರಳಿದವನಿಗೆ ಹೆತ್ತವಳ ಗುರುತೇ ಇರಲಿಲ್ಲ.

ಅಪ್ಪ ಅಮ್ಮ ಕಲ್ಲುಮನಸ್ಸಿನವರೆಂದಲ್ಲ. ಆಗಿನ ಆಸ್ಪತ್ರೆಗಳ ಕಟ್ಟಳೆಯೇ ಹಾಗಿತ್ತು. 1949ರಷ್ಟು ಈಚೆಗೂ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮೊದಲ ತಿಂಗಳು ಮಗುವನ್ನು ಭೇಟಿಯಾಗುವಂತಿರಲಿಲ್ಲ. ಸಂಜೆ ಏಳರಿಂದ ಎಂಟರ ನಡುವೆ, ಮಗು ನಿದ್ದೆಹೋದ ಮೇಲೆ, ನೋಡಿ ಬರಬಹುದಿತ್ತು ಅಷ್ಟೆ!

1944ರಲ್ಲಿ ಬೌಲ್ಬಿಯವರ ಪ್ರಬಂಧ ಅಚ್ಚಾಯಿತು. ಅದು ಬೊಟ್ಟುಮಾಡಿದ್ದು ವಾರ್ಡಿನ ಮುಚ್ಚಿದ ಬಾಗಿಲಿನ ಕಡೆಗೂ ಹೌದು. ಆದರೆ ಜನರ ಕಿವಿಗೆ ಬಿದ್ದದ್ದು ತಾಯಿಯ ಮೇಲಿನ ದೂರು ಮಾತ್ರ; ಮುಂದೆ ದುಡಿಯಲು ಹೋಗುವ ಹೆಂಗಸರನ್ನು ಹಣಿಯಲು ಅದು ಅನೇಕರಿಗೆ ಒದಗಿ ಬಂತು. ಆಸ್ಪತ್ರೆಗಳನ್ನು ಅಲುಗಿಸಿದ್ದು ಬೌಲ್ಬಿಯವರ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ ತೋರಿಸಿದ ಚಿತ್ರ: ಶಸ್ತ್ರಚಿಕಿತ್ಸೆಗೆಂದು ಎಂಟು ದಿನ ವಾರ್ಡಿನಲ್ಲಿದ್ದ ಎರಡು ವರ್ಷದ ಹುಡುಗಿಯೊಬ್ಬಳ ಕಥೆ. ಹಲವು ವೈದ್ಯರು ಸಿಟ್ಟಾದರು. 1959ರಲ್ಲಿ ಸರಕಾರಕ್ಕೆ ಸಂದ ಪ್ಲಾಟ್ ವರದಿ ಮಾತ್ರ ಭೇಟಿಯ ನಿರ್ಬಂಧಗಳನ್ನು ಕಿತ್ತುಹಾಕಲು ಹೇಳಿತು.

ಬೌಲ್ಬಿಯವರ ಲೆಕ್ಕದಲ್ಲಿ ತೊಡಕಿತ್ತು. ಮಕ್ಕಳ ಪೂರ್ವಕಥೆ ತಿಳಿದಿದ್ದವರೂ ಅವರೇ, ಯಾರು ಮಮತೆಯಿಲ್ಲದವರೆಂದು ತೀರ್ಮಾನಿಸಿದವರೂ ಅವರೇ. ಕ್ಷಯಕ್ಕೆಂದು ಸ್ಯಾನಿಟೋರಿಯಂನಲ್ಲಿದ್ದ ಮಕ್ಕಳನ್ನು ಮುಂದೆ ಅಭ್ಯಸಿಸಿ 1956ರಲ್ಲಿ ಬರೆದಾಗ, ಅಗಲಿಕೆಯ ಅಪಾಯವನ್ನು ತುಸು ಹಿಗ್ಗಿಸಿ ಹೇಳಲಾಗಿದೆ ಎಂದು ಖುದ್ದಾಗಿ ಒಪ್ಪಿದರು. 2005ರಲ್ಲಿ ಸಂಶೋಧಕಿ ಎಸ್ಸಿ ವಿಡಿಂಗ್ ಮತ್ತು ಸಂಗಡಿಗರು ಬ್ರಿಟನ್ನಿನ ಏಳು ವರ್ಷದ ಅವಳಿಗಳನ್ನು ನೋಡಿ, ಈ ನಿರ್ಭಾವುಕತೆ ತೀವ್ರವಾಗಿರುವಲ್ಲಿ ಅನುವಂಶೀಯತೆಯ ಪಾಲು ದೊಡ್ಡದೆಂದು ಕಂಡುಕೊಂಡರು.

2013ರ ಅಮೆರಿಕದ ರೋಗನಿರ್ಣಯ ಕೈಪಿಡಿ ಡಿಎಸ್‌ಎಂ-5 ಈ ನಿರ್ಭಾವುಕತೆಗೆ ಪ್ರತ್ಯೇಕ ಜಾಗ ಕೊಟ್ಟಿತು. ಹಣೆಪಟ್ಟಿ ಹಚ್ಚುವ ಮುನ್ನ ಲಕ್ಷಣಗಳು ಕನಿಷ್ಠ 12 ತಿಂಗಳು, ಒಂದಕ್ಕಿಂತ ಹೆಚ್ಚು ಕಡೆ ಕಂಡಿರಬೇಕು. ಮಗುವಿನ ಮಾತೊಂದೇ ಸಾಲದು, ಮನೆಯವರನ್ನೂ ಮೇಷ್ಟ್ರನ್ನೂ ಕೇಳಬೇಕು.