ಒಂದು ಕಾಲಿನ ಋಣ
ಕೆನಡಾದ ಟಾಮಿ ಡಗ್ಲಸ್ ಬಾಲ್ಯದಲ್ಲಿ ಮೂಳೆರೋಗದಿಂದ ಕಾಲು ಕಳೆದುಕೊಳ್ಳುವುದರಲ್ಲಿದ್ದರು. ತಂದೆತಾಯಿ ಬಡವರು. ತಮ್ಮ ವಿದ್ಯಾರ್ಥಿಗಳಿಗೆ ಪಾಠವಾಗಲೆಂದು ಶಸ್ತ್ರವೈದ್ಯರೊಬ್ಬರು ಉಚಿತವಾಗಿ ಚಿಕಿತ್ಸೆಯಿತ್ತರು, ಕಾಲು ಉಳಿಯಿತು. ಆ ವೈದ್ಯರು ದೊರೆಯದಿದ್ದರೆ? ಈ ಪ್ರಶ್ನೆ ಅವರನ್ನು ಬಿಡಲಿಲ್ಲ.

1944ರಲ್ಲಿ ಸಸ್ಕಾಚೆವಾನ್ ಪ್ರಾಂತ್ಯದ ಆಡಳಿತ ವಹಿಸಿಕೊಂಡ ಡಗ್ಲಸ್, 1947ರಲ್ಲಿ ಅಲ್ಲಿನ ನಿವಾಸಿಗಳಿಗೆ ಆಸ್ಪತ್ರೆ ವಿಮೆ ತಂದರು. 1962ರ ಜುಲೈ 1ರಿಂದ ವೈದ್ಯರ ಶುಲ್ಕವೂ ವಿಮೆಗೆ ಸೇರಿತು. ವೈದ್ಯರು 23 ದಿನ ಮುಷ್ಕರ ಹೂಡಿದರು. ಆದರೂ ಯೋಜನೆ ಉಳಿಯಿತು. ಇಡೀ ದೇಶದ ಆರೋಗ್ಯ ವ್ಯವಸ್ಥೆಯನ್ನು ಅಧ್ಯಯನ ಮಾಡಿದ ನ್ಯಾಯಮೂರ್ತಿ ಎಮೆಟ್ ಹಾಲ್ ಆಯೋಗವು 1964ರಲ್ಲಿ ಎಲ್ಲರಿಗೂ ವಿಮೆಯಿರಲೆಂದು ಶಿಫಾರಸು ಮಾಡಿತು. 1966ರಲ್ಲಿ ಅದು ಕಾನೂನಾಯಿತು. 1972ರ ಹೊತ್ತಿಗೆ ಎಲ್ಲ ಪ್ರಾಂತ್ಯಗಳೂ ಸೇರಿದವು.

ಪರರ ದಯೆಯಿಂದ ಗುಣವಾದವನು, ಮತ್ತೊಬ್ಬರು ದಯೆಗಾಗಿ ಕಾಯಬಾರದೆಂದು ಬಯಸಿದನು. ನಮ್ಮ ನೆರೆಮನೆಯ ರೋಗಿ ಇಂದು ಏನನ್ನು ಕಾಯುತ್ತಿದ್ದಾನೆ?