ಬೀಜಕ್ಕೊಂದು ರಾತ್ರಿಯ ನೀರು

ಹಾನಗಲ್ಲ, ಶಿಗ್ಗಾಂವಿಯ ಕಡೆ ಬತ್ತವೆಂದರೆ ಎಲ್ಲವೂ ನಾಟಿಯ ಬತ್ತವಲ್ಲ. ಮುಂಗಾರಿಗೆ ಮೊದಲೇ ಹದಮಾಡಿದ ಹೊಲಕ್ಕೆ ಕೂರಿಗೆ ಹೂಡಿ ಒಣಬೀಜ ಬಿತ್ತುವ ರೂಢಿ ಇಲ್ಲಿಯದು. ಮಳೆ ಸಕಾಲಕ್ಕೆ ಬಂದರೆ ಸಾಲು ಹಸಿರಾಗುತ್ತದೆ. ಒಂದು ಹನಿ ಬಿದ್ದು ಮತ್ತೆ ಬಿಸಿಲೇರಿತೋ, ಅರೆ ಮೊಳೆತ ಬೀಜ ಮಣ್ಣಲ್ಲೇ ಸಾಯುತ್ತದೆ. ಆಗ ಮರುಬಿತ್ತನೆ, ಅಂದರೆ ಬೀಜ, ಆಳು, ಎತ್ತುಗಳ ಖರ್ಚು ಎರಡು ಪಟ್ಟು.

ಬಿತ್ತುವ ಮುನ್ನ ಬೀಜವನ್ನು ಸಿದ್ಧಪಡಿಸುವ ಯೋಚನೆ ಹಳೆಯದು. ಧಾನ್ಯದ ಬೀಜವನ್ನು ಏಳು ದಿನ ರಾತ್ರಿ ಇಬ್ಬನಿಗೂ ಹಗಲು ಬಿಸಿಲಿಗೂ ಒಡ್ಡಬೇಕೆಂದು ಕೌಟಿಲ್ಯನ ‘ಅರ್ಥಶಾಸ್ತ್ರ’ ಹೇಳುತ್ತದೆ. ಗಟ್ಟಿ ಬೀಜಗಳಿಗೆ ಸಗಣಿ ಬಳಿಯಬೇಕೆಂದೂ ಅದರಲ್ಲಿದೆ. ಸವಣೂರಿನಂಥ ಎರೆಭೂಮಿಯ ಸೀಮೆಗಳಲ್ಲಿ ಹತ್ತಿಕಾಳಿಗೆ ಸಗಣಿ ಬಗ್ಗಡ ಹಚ್ಚಿ ಉಜ್ಜುತ್ತಿದ್ದುದು ಇದನ್ನೇ ನೆನಪಿಸುತ್ತದೆ. ನವಿರು ಅಂಟಿಕೊಂಡರೆ ಕಾಳು ಬಿಡಿಬಿಡಿಯಾಗಿ ಸಾಲಿಗೆ ಬೀಳುತ್ತದೆ. ಹಾನಗಲ್ಲು ‘ಪಾನುಂಗಲ್ಲು ಐನೂರು’ ಎಂಬ ನಾಡಿನ ಕೇಂದ್ರವಾಗಿದ್ದ ಚಾಲುಕ್ಯರ ಕಾಲದಲ್ಲಿ, 1025ರ ಸುಮಾರಿಗೆ, ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೇ ಒಂದು ಅಧ್ಯಾಯ ಮೀಸಲಾಗಿದೆ.

1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಬತ್ತದ ಮೂರು ಬಗೆಯ ಬಿತ್ತನೆಯನ್ನು ದಾಖಲಿಸಿದ್ದಾನೆ: ಒಣಬೀಜದ ‘ಬರ ಬತ್ತ’, ಮೊಳಕೆ ಬರಿಸಿ ಚೆಲ್ಲುವ ‘ಮೊಳೆ ಬತ್ತ’, ಸಸಿ ಕಿತ್ತು ನೆಡುವ ‘ನಾಟಿ’. ಮೊಳೆ ಬತ್ತಕ್ಕೆ ಕೆಸರುಗದ್ದೆಯೇ ಬೇಕು. ಕೂರಿಗೆಗೆ ಹಾಕಿದರೆ ಮೊಳಕೆ ಮುರಿಯುತ್ತದೆ. ಹಾಗಾದರೆ ಒಣಬೀಜಕ್ಕೂ ಮೊಳಕೆಗೂ ನಡುವೆ ದಾರಿಯಿಲ್ಲವೆ?

ಇದೆ. ಬೀಜ ಮೊದಲು ನೀರು ಹೀರುತ್ತದೆ. ಆಮೇಲೆ ಒಳಗಿನ ಕಿಣ್ವಗಳು ಎಚ್ಚೆತ್ತು ಕೂಡಿಟ್ಟ ಆಹಾರವನ್ನು ಕರಗಿಸತೊಡಗುತ್ತವೆ. ಕೊನೆಗೆ ಬೇರು ಹೊರಬರುತ್ತದೆ. ಎರಡನೆಯ ಹಂತದಲ್ಲೇ ತಡೆದು ಬೀಜವನ್ನು ಆರಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಹೈಡೆಕರ್ ಮತ್ತು ಸಂಗಡಿಗರು 1973ರಲ್ಲಿ ರಾಸಾಯನಿಕ ದ್ರಾವಣದಿಂದ ಇದನ್ನು ಸಾಧಿಸಿ ತೋರಿಸಿದರು. ತೊಂಬತ್ತರ ದಶಕದಲ್ಲಿ ರಾಜಸ್ಥಾನ, ಗುಜರಾತ್, ಮಧ್ಯಪ್ರದೇಶದ ರೈತರ ಹೊಲಗಳಲ್ಲಿ ಡೇವ್ ಹ್ಯಾರಿಸ್ ಮತ್ತು ಸಹೋದ್ಯೋಗಿಗಳು ಬರೀ ನೀರಿನಿಂದಲೇ ಪ್ರಯೋಗ ನಡೆಸಿದರು. ರಾತ್ರಿ ನೆನೆಸಿ, ಮೇಲಿನ ತೇವ ಆರಿಸಿ ಬಿತ್ತಿದ ಮೆಕ್ಕೆಜೋಳ, ಬತ್ತ, ಕಡಲೆ ಬೇಗನೆ ಮೇಲೆದ್ದವು. 1999ರಲ್ಲಿ ಆ ಫಲಿತಾಂಶ ಪ್ರಕಟವಾಯಿತು.

ಹಿರೇಕೆರೂರಿನ ಗೋವಿನಜೋಳದ ರೈತನಿಗೂ ಇದು ಸುಲಭಸಾಧ್ಯ. ಆದರೆ ಎರಡು ಎಚ್ಚರಿಕೆ ಬೇಕು. ಕಂಪನಿಯವರು ಔಷಧಿ ಲೇಪಿಸಿ ಕೊಟ್ಟ ಬೀಜವನ್ನು ನೆನೆಸಿದರೆ ಲೇಪ ತೊಳೆದುಹೋಗುತ್ತದೆ. ಎಚ್ಚೆತ್ತ ಬೀಜವನ್ನು ಒಣಮಣ್ಣಿಗೆ ಹಾಕಿ ಮಳೆಯ ದಾರಿ ಕಾಯುವುದೂ ಸಲ್ಲದು; ಹೊಲದಲ್ಲಿ ಹಸಿ ಇರಲೇಬೇಕು. ಆದ್ದರಿಂದ ಮಳೆಗೆ ಮೊದಲಿನ ಕೂರಿಗೆ ಬತ್ತಕ್ಕೆ ಒಣಬೀಜವೇ ಸರಿ. ಮಳೆ ಬಿದ್ದ ಮೇಲಿನ ಬಿತ್ತನೆಗೆ, ತಡವಾದ ಮರುಬಿತ್ತನೆಗೆ, ನೆನೆದ ಬೀಜ. ಕಳೆದುಹೋದ ದಿನಗಳಲ್ಲಿ ಒಂದೆರಡನ್ನಾದರೂ ಅದು ರೈತನಿಗೆ ಮರಳಿಸೀತು.