ಬ್ಯಾಬಿಲೋನಿನ ಸಾಲ: ಜಾರ್ಜ್ ಕ್ಲಾಸನ್ ಕಥೆಗಳು ಬಿಟ್ಟ ಒಂದು ಕಲಮು

ಹಣದ ಶಿಸ್ತು ಕಲಿಸುವ ಪುಸ್ತಕಗಳಲ್ಲಿ ಜಾರ್ಜ್ ಎಸ್. ಕ್ಲಾಸನ್‌ನ ‘ದಿ ರಿಚೆಸ್ಟ್ ಮ್ಯಾನ್ ಇನ್ ಬ್ಯಾಬಿಲೋನ್’ ಇಂದಿಗೂ ಓದುಗರನ್ನು ಹಿಡಿದಿಟ್ಟಿದೆ. ಅಮೆರಿಕದ ಡೆನ್ವರ್‌ನಲ್ಲಿ ನಕ್ಷೆಗಳ ಪ್ರಕಾಶನ ನಡೆಸುತ್ತಿದ್ದ ಈತ 1926ರಿಂದ ಈ ಕಥೆಗಳನ್ನು ಬಿಡಿ ಕಿರುಹೊತ್ತಿಗೆಗಳಾಗಿ ಹೊರತಂದ; ಬ್ಯಾಂಕುಗಳೂ ವಿಮಾ ಕಂಪನಿಗಳೂ ಅವನ್ನು ಜನರಿಗೆ ಹಂಚಿದವು. ಗಳಿಕೆಯ ಹತ್ತರಲ್ಲೊಂದು ಪಾಲನ್ನು ಮೊದಲೇ ತೆಗೆದಿಡಬೇಕೆಂಬ ಕೃತಿಯ ಸಿರಿವಂತ ಅರ್ಕಾದನ ಪಾಠ ಎಲ್ಲರಿಗೂ ಗೊತ್ತು. ನನ್ನ ಮಟ್ಟಿಗೆ ಕೃತಿಯ ಜೀವಾಳವಿರುವುದು ಒಂಟೆ ವ್ಯಾಪಾರಿ ದಬಾಸಿರನ ಸಾಲದ ಕಥೆಯಲ್ಲಿ.

ದುಂದು ಮಾಡಿ ಸಾಲಕ್ಕೆ ಸಿಕ್ಕ ದಬಾಸಿರ್ ಊರು ಬಿಡುತ್ತಾನೆ, ಸಿರಿಯಾದಲ್ಲಿ ಗುಲಾಮನಾಗುತ್ತಾನೆ, ತಪ್ಪಿಸಿಕೊಂಡು ಮರಳುತ್ತಾನೆ. ಬಂದವನು ಯಾರಿಗೆ ಎಷ್ಟು ಕೊಡಬೇಕೆಂದು ಒಬ್ಬೊಬ್ಬರ ಹೆಸರನ್ನೂ ಜೇಡಿಮಣ್ಣಿನ ಹಲಗೆಯ ಮೇಲೆ ಬರೆಯುತ್ತಾನೆ. ಗಳಿಕೆಯ ಹತ್ತು ಪಾಲಿನಲ್ಲಿ ಏಳು ಸಂಸಾರಕ್ಕೆ, ಎರಡು ಸಾಲಕ್ಕೆ, ಒಂದು ಉಳಿತಾಯಕ್ಕೆ. ಸಾಲ ಕೊಟ್ಟವರಲ್ಲಿ ಕೆಲವರು ಬೈಯುತ್ತಾರೆ, ಕೆಲವರು ಒಪ್ಪುತ್ತಾರೆ. ಆ ಎರಡು ಪಾಲು ಮಾತ್ರ ಎಲ್ಲರಿಗೂ ನ್ಯಾಯವಾಗಿ ಹಂಚಿಕೆಯಾಗುತ್ತದೆ. ಮುಖ ಮರೆಸಿಕೊಂಡು ತಿರುಗುತ್ತಿದ್ದವನು ತಲೆಯೆತ್ತಿ ಬೀದಿಯಲ್ಲಿ ನಡೆಯುವಂತಾದದ್ದು ಈ ಲೆಕ್ಕದಿಂದ. ವ್ಯಕ್ತಿತ್ವ ವಿಕಾಸದ ಎಷ್ಟೋ ಉಪದೇಶಗಳಿಗಿಂತ ಇದು ಮೇಲೆಂದು ನಾನು ಭಾವಿಸುತ್ತೇನೆ.

ಆದರೆ ಚರಿತ್ರೆಯ ಬ್ಯಾಬಿಲೋನಿನಲ್ಲಿ ಸಾಲಗಾರನ ಪಾಡು ಅವನೊಬ್ಬನ ಶಿಸ್ತಿಗೆ ಬಿಟ್ಟದ್ದಾಗಿರಲಿಲ್ಲ. ಕ್ರಿ.ಪೂ. 18ನೆಯ ಶತಮಾನದ ಹಮ್ಮುರಾಬಿಯ ಕಾನೂನಿನ 48ನೆಯ ಕಲಮು ನೋಡಿ: ನೆರೆ ನುಗ್ಗಿಯೋ ನೀರಿಲ್ಲದೆಯೋ ಬೆಳೆ ಕೈಕೊಟ್ಟರೆ ಆ ವರ್ಷ ಸಾಲಗಾರ ಧಾನ್ಯ ಅಳೆಯಬೇಕಿಲ್ಲ, ಸಾಲದ ಹಲಗೆಯನ್ನು ನೀರಿನಲ್ಲಿ ತೊಯಿಸಬಹುದು, ಆ ವರ್ಷದ ಬಡ್ಡಿಯೂ ಇಲ್ಲ. ಸಾಲಕ್ಕಾಗಿ ಮಾರಿದ ಹೆಂಡತಿ ಮಕ್ಕಳಿಗೆ ಮೂರು ವರ್ಷದ ದುಡಿಮೆಯ ನಂತರ ಬಿಡುಗಡೆ ಎನ್ನುತ್ತದೆ 117ನೆಯ ಕಲಮು. ಹಮ್ಮುರಾಬಿಯ ವಂಶದ ದೊರೆ ಅಮ್ಮಿಸದೂಕ ಹೊರಡಿಸಿದ ಸಾಲಮನ್ನಾ ಆಜ್ಞೆಯೂ ಉಳಿದುಬಂದಿದೆ.

ಕ್ಲಾಸನ್‌ನ ಕಥೆಯಲ್ಲಿ ಹಲಗೆ ಇದೆ, ಅದನ್ನು ತೊಯಿಸುವ ನೀರಿಲ್ಲ. ಹಣವನ್ನು ಠೇವಣಿಯಾಗಿ ಬಯಸುವ ಬ್ಯಾಂಕು ಹಂಚುವ ಹೊತ್ತಿಗೆಯಲ್ಲಿ ಬಡ್ಡಿ ಮನ್ನಾದ ಮಾತು ಬರುವುದು ಕಷ್ಟವೇ. ಆಗಿನ ಅಮೆರಿಕದಲ್ಲಿ ಕಾರು, ರೇಡಿಯೊಗಳನ್ನು ಕಂತಿನ ಮೇಲೆ ಕೊಳ್ಳುವ ಪದ್ಧತಿ ಹಬ್ಬುತ್ತಿತ್ತು; ಸಂಬಳದ ಆ ಓದುಗನಿಗೆ ಏಳು–ಎರಡು–ಒಂದರ ಲೆಕ್ಕ ಸರಿಯಾಗಿ ಹೊಂದಿತು. ಮಳೆ ನಂಬಿದ ರೈತನಿಗೂ ದಿನಗೂಲಿಯವನಿಗೂ ಇದೇ ಲೆಕ್ಕವನ್ನು ಬೋಧಿಸುವವರು ಆ 48ನೆಯ ಕಲಮನ್ನೂ ಜೊತೆಗಿಟ್ಟು ಓದಿಸಬೇಕು.